ಗಲ್ಲಾ ಮೇಲೆ ಕಳ್ಳನ ರುಜು: ಓದಿಸಲು ಬಂತು ಬೆಳಗುವ ಪುಡಿ

ತುಮಕೂರು: ಮಂಡಿಪೇಟೆಯ ಅಂಗಡಿಯೊಂದರಲ್ಲಿ ಐನೂರರ ನೋಟು ಕೊಟ್ಟು ನೋಡಿ. ಗಲ್ಲಾದಲ್ಲಿ ಕೂತ ಯಜಮಾನರು ಅದನ್ನು ತಿರುವಿ ಮುರುವಿ ನೋಡುತ್ತಾರೆ. ಅನುಮಾನ ಬಂತೋ, ಪಕ್ಕದ ಪುಟ್ಟ ಡಬ್ಬಿಯ ನೀಲಿ ದೀಪದ ಕೆಳಗೆ ಹಿಡಿಯುತ್ತಾರೆ. ನೋಟಿನ ನಂಬರು ಫಳಕ್ಕನೆ ಹೊಳೆಯುತ್ತದೆ. ಕಾಗದದೊಳಗೆ ಹುದುಗಿರುವ ಬಣ್ಣದ ಸಣ್ಣ ಎಳೆಗಳು ಮಿನುಗುತ್ತವೆ. ಯಜಮಾನರು ತಲೆಯಾಡಿಸಿ ನೋಟನ್ನು ಒಳಗೆ ಹಾಕುತ್ತಾರೆ.

ಗುಟ್ಟು ಇಷ್ಟೇ. ಮಾಮೂಲಿ ಬೆಳಕಿನಲ್ಲಿ ಸುಮ್ಮನಿರುವ ಕೆಲವು ವಸ್ತುಗಳಿವೆ. ಕಣ್ಣಿಗೆ ಕಾಣದ ನೇರಳಾತೀತ ಕಿರಣ ಮೈಮೇಲೆ ಬಿದ್ದ ಕೂಡಲೇ ಅವು ಅದನ್ನು ನುಂಗಿ, ಕಣ್ಣಿಗೆ ಕಾಣುವ ಬಣ್ಣವಾಗಿ ಉಗುಳುತ್ತವೆ. ಅಂಥ ವಸ್ತುವನ್ನು ಶಾಯಿಗೆ ಬೆರೆಸಿದರೆ ನೋಟಿಗೆ ಕಾವಲು. ನುಣ್ಣಗೆ ಪುಡಿ ಮಾಡಿ ಬೆರಳಚ್ಚಿನ ಮೇಲೆ ಸವರಿದರೆ ಕಳ್ಳನಿಗೆ ಗ್ರಹಚಾರ.

ಈ ಪುಡಿಯ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿರುವುದು ದೂರದ ದೇಶಗಳಲ್ಲಿ ಮಾತ್ರ ಅಲ್ಲ. ಇದೇ ಊರಿನ ತುಮಕೂರು ವಿಶ್ವವಿದ್ಯಾನಿಲಯದಲ್ಲೂ ನಡೆದಿದೆ. ಸಂತೋಷದ ಸಮಾಚಾರವೇ. ಆದರೆ ಗ್ರಹಚಾರ ಬರಬೇಕಾದ್ದು ಕಳ್ಳನಿಗೆ, ಅಂಗಡಿಗೆ ಬಂದುಹೋದವರಿಗೆಲ್ಲ ಅಲ್ಲ. ಅಸಲು ಪ್ರಶ್ನೆ ಅಲ್ಲಿದೆ.

ಶಟರ್ ಮುರಿದ ಬೆಳಿಗ್ಗೆ

ಬೆಳಿಗ್ಗೆ ಏಳು ಗಂಟೆ ಎಂದಿಟ್ಟುಕೊಳ್ಳಿ. ಯಜಮಾನರು ಬಂದು ನೋಡಿದರೆ ಶಟರಿನ ಬೀಗ ಮುರಿದಿದೆ, ಗಲ್ಲಾ ಬಾಯಿ ತೆರೆದಿದೆ. ಇಂಥ ಹೊತ್ತಲ್ಲಿ ಯಾರೇ ಆದರೂ ಮೊದಲು ಮಾಡುವುದು ಒಂದೇ ಕೆಲಸ: ಕೈ ಹಾಕಿ ಉಳಿದದ್ದೆಷ್ಟು ಅಂತ ಎಣಿಸುವುದು. ಅಷ್ಟರಲ್ಲಿ ಪಕ್ಕದಂಗಡಿಯವರು ಓಡಿ ಬರುತ್ತಾರೆ. "ಅಯ್ಯೋ, ಇಲ್ಲಿಂದಾನೇ ನುಗ್ಗಿದಾನೆ ಕಣಣ್ಣಾ" ಅಂತ ಅವರೂ ಶಟರು ಮುಟ್ಟುತ್ತಾರೆ. ಕೆಲಸದ ಹುಡುಗ ಚೆಲ್ಲಿದ ಸಾಮಾನು ಎತ್ತಿಡುತ್ತಾನೆ. ಯಾರೋ ಒಬ್ಬರು "ಮೊದಲು ನೀರು ಹಾಕಿ ಗುಡಿಸಪ್ಪಾ, ಪೊಲೀಸ್ನೋರು ಬರ್ತಾರೆ" ಅಂತಲೂ ಹೇಳುತ್ತಾರೆ!

ಪೊಲೀಸರು ಬರುವ ಹೊತ್ತಿಗೆ ಕಳ್ಳನ ಗುರುತಿನ ಮೇಲೆ ಹತ್ತು ಮಂದಿಯ ಗುರುತು ಕೂತಿರುತ್ತದೆ. ಕಳ್ಳ ಬೀಗ ಮುರಿದು ಹೋದ. ಅವನ ರುಜುವನ್ನು ಅಳಿಸಿದವರು ಊರಿನವರೇ.

ಶಂಖ, ಚಕ್ರ ಮತ್ತು ಬೆವರು

ಬೆರಳ ತುದಿಯಲ್ಲಿ ಶಂಖ ಎಷ್ಟು, ಚಕ್ರ ಎಷ್ಟು ಅಂತ ಎಣಿಸಿ ಭವಿಷ್ಯ ಹೇಳುವವರನ್ನು ಎಲ್ಲರೂ ಕಂಡಿದ್ದಾರೆ. ಬೆರಳಚ್ಚು ತಜ್ಞರು ನೋಡುವುದೂ ಅದೇ ಗೆರೆಗಳನ್ನು. ಅವರ ಲೆಕ್ಕದಲ್ಲಿ ಮುಖ್ಯವಾಗಿ ಮೂರು ಜಾತಿ: ಕುಣಿಕೆ, ಸುರುಳಿ, ಕಮಾನು. ನೂರರಲ್ಲಿ ಸುಮಾರು 60-65 ಕುಣಿಕೆ, 30-35 ಸುರುಳಿ, ಉಳಿದ ಐದರಷ್ಟು ಕಮಾನು.

ಆದರೆ ಜಾತಿಯಿಂದ ಆಳು ಸಿಗುವುದಿಲ್ಲ. ಒಂದು ಗೆರೆ ಎಲ್ಲಿ ನಿಂತಿತು, ಎಲ್ಲಿ ಕವಲೊಡೆದು ಎರಡಾಯಿತು, ಎರಡು ಕವಲುಗಳ ನಡುವೆ ಎಷ್ಟು ಗೆರೆ ಬಂತು, ಇವುಗಳಿಂದ ಗುರುತು ಹಿಡಿಯಬೇಕು. ಅದಕ್ಕೂ ಸೂಕ್ಷ್ಮ ಬೇಕಾದರೆ ಗೆರೆಯ ಮೇಲಿನ ಬೆವರಿನ ರಂಧ್ರಗಳನ್ನು ನೋಡಬೇಕು. ತಾಯಿಯ ಹೊಟ್ಟೆಯಲ್ಲಿರುವಾಗಲೇ ಮೂಡುವ ಈ ಗೆರೆಗಳು ಸಾಯುವತನಕ ಬದಲಾಗುವುದಿಲ್ಲ. ಒಂದೇ ಮುಖದ ಅವಳಿಗಳಿಗೂ ಬೆರಳಚ್ಚು ಬೇರೆ ಬೇರೆ.

ಗೆರೆಯ ಮೇಲಿನ ರಂಧ್ರಗಳಿಂದ ಬೆವರು ಬರುತ್ತದೆ. ಅದರಲ್ಲಿ ಬಹುಪಾಲು ನೀರು. ಜೊತೆಗೆ ಒಂಚೂರು ಉಪ್ಪು, ಅಮೈನೋ ಆಮ್ಲ. ಮುಖ, ತಲೆ ಮುಟ್ಟಿಕೊಂಡಾಗ ಅಲ್ಲಿನ ಜಿಡ್ಡೂ ಬೆರಳಿಗೆ ಅಂಟುತ್ತದೆ. ಆ ಬೆರಳು ಗಾಜಿನ ಮೇಲೋ ಡಬ್ಬಿಯ ಮೇಲೋ ಕೂತರೆ ಗೆರೆಗಳ ನಕಲು ಅಲ್ಲಿ ಉಳಿಯಿತು. ಕಣ್ಣಿಗೆ ಕಾಣುವುದಿಲ್ಲ, ಆದರೆ ಇದೆ.

ಕರಿಪುಡಿ ಸೋಲುವ ಜಾಗ

ಕಾಣದ ಗುರುತನ್ನು ಕಾಣಿಸಲು ನೂರು ವರ್ಷಕ್ಕೂ ಹಿಂದಿನಿಂದ ಇರುವ ಉಪಾಯ ಪುಡಿ. ಮೆತ್ತನೆಯ ಬ್ರಷ್ಷಿನಿಂದ ಕಪ್ಪು ಪುಡಿ ಸವರುತ್ತಾರೆ. ಅದು ಜಿಡ್ಡಿರುವ ಕಡೆ ಅಂಟಿ, ಗೆರೆ ಕಪ್ಪಗೆ ಎದ್ದು ಬರುತ್ತದೆ. ಕಪ್ಪು ಬೀರುವಾದರೆ ಬಿಳಿ ಪುಡಿ, ಇಲ್ಲವೇ ಅಲ್ಯೂಮಿನಿಯಂ ಪುಡಿ. ಸರಿಯೇ.

ಆದರೆ ಈಗಿನ ಅಂಗಡಿಯಲ್ಲಿ ಒಂದೇ ಬಣ್ಣದ ಸಾಮಾನು ಯಾವುದಿದೆ, ಹೇಳಿ? ಬಿಸ್ಕತ್ತಿನ ಪೊಟ್ಟಣದಲ್ಲಿ ಕೆಂಪು, ಹಳದಿ, ನೀಲಿ, ಮೇಲೊಂದು ಮಗುವಿನ ಚಿತ್ರ. ಶಾಂಪೂ ಸ್ಯಾಷೆ ಅಂತೂ ಕಾಮನಬಿಲ್ಲು. ಅದರ ಮೇಲೆ ಕರಿಪುಡಿ ಸವರಿದರೆ ಯಾವುದು ಗೆರೆ, ಯಾವುದು ಚಿತ್ರ? ಅಚ್ಚು ಇರುತ್ತದೆ, ಓದಲು ಆಗುವುದಿಲ್ಲ.

ಬೆಳಗುವ ಪುಡಿ ಗೆಲ್ಲುವುದು ಇಲ್ಲಿ. ಕೋಣೆ ಕತ್ತಲು ಮಾಡಿ ನೇರಳಾತೀತ ದೀಪ ಹಿಡಿದರೆ ಪೊಟ್ಟಣದ ಬಣ್ಣಗಳೆಲ್ಲ ಬಹುಮಟ್ಟಿಗೆ ಮಂಕಾಗಿ ಹಿಂದೆ ಸರಿಯುತ್ತವೆ. ಪುಡಿ ಅಂಟಿದ ಗೆರೆ ಮಾತ್ರ ಕೆಂಪಗೋ ಹಸಿರಾಗೋ ಉರಿಯುತ್ತದೆ. ಕಾರ್ತೀಕದ ಕತ್ತಲಲ್ಲಿ ಹಣತೆಯ ಸಾಲು ಕಂಡ ಹಾಗೆ.

ಕೆನಡಾದ ಬೆಳಕು, ಅಂಗಡಿಯ ಅಂಟು

ಬೆಳಕಿನಿಂದ ಬೆರಳಚ್ಚು ಹುಡುಕುವ ವಿದ್ಯೆಗೆ ದೊಡ್ಡ ದಾರಿ ತೆರೆದದ್ದು 1977ರಲ್ಲಿ. ಕೆನಡಾದ ಡಾಲ್ರಿಂಪಲ್, ಡಫ್, ಮೆಂಜೆಲ್ ಎಂಬ ಮೂವರು ಆ ವರ್ಷ ಒಂದು ಪ್ರಬಂಧ ಪ್ರಕಟಿಸಿದರು. ಅದರ ಸಾರ ಇದು: ಆರ್ಗಾನ್ ಲೇಸರಿನ ನೀಲಿ-ಹಸಿರು ಬೆಳಕು ಬಿಟ್ಟರೆ, ಯಾವ ಪುಡಿಯೂ ಇಲ್ಲದೆ ಬೆರಳಿನ ಬೆವರೇ ಮಿನುಗುತ್ತದೆ. ಕಿತ್ತಳೆ ಬಣ್ಣದ ಕನ್ನಡಕ ಹಾಕಿ ನೋಡಿದರೆ ಗೆರೆ ಕಾಣುತ್ತದೆ. ಆದರೆ ಎಲ್ಲರ ಬೆವರೂ ಒಂದೇ ಸಮ ಮಿನುಗುವುದಿಲ್ಲ. ಹಾಗಾಗಿ ಬೆವರಿಗೆ ಅಂಟಿಕೊಂಡು ತಾವೇ ಬೆಳಗುವ ವಸ್ತುಗಳ ಹುಡುಕಾಟ ಶುರುವಾಯಿತು.

ಕಾಗದಕ್ಕೆ ಒಂದು ಮದ್ದು 1954ರಿಂದಲೇ ಇತ್ತು. ಅದರ ಹೆಸರು ನಿನ್‌ಹೈಡ್ರಿನ್. ಬೆವರಿನ ಅಮೈನೋ ಆಮ್ಲಕ್ಕೆ ತಗುಲಿದರೆ ಗೆರೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. 1990ರಲ್ಲಿ ಡಿ.ಎಫ್.ಓ. ಎಂಬ ಇನ್ನೊಂದು ರಾಸಾಯನಿಕ ಬಂತು. ಇದು ಬಣ್ಣ ಕೊಡುವುದರ ಜೊತೆಗೆ ಹಸಿರು ಬೆಳಕು ಬಿದ್ದಾಗ ಮಿನುಗುತ್ತದೆ ಕೂಡ. ಚೆಕ್ಕು, ಪತ್ರ, ರಸೀತಿಗಳ ಮೇಲಿನ ಅಚ್ಚಿಗೆ ಇಂಥವೇ ಆಧಾರ.

ಪ್ಲಾಸ್ಟಿಕ್ಕಿಗೆ ಬೇರೆ ಉಪಾಯ. ಕಿರಾಣಿ ಅಂಗಡಿಯಲ್ಲಿ ನೇತಾಡುವ ಫೆವಿಕ್ವಿಕ್ ಇದೆಯಲ್ಲ, ಅದೇ ಜಾತಿಯ ಅಂಟು. ಅದನ್ನು ಮುಚ್ಚಿದ ಪೆಟ್ಟಿಗೆಯೊಳಗೆ ಬಿಸಿ ಮಾಡಿದರೆ ಹೊರಡುವ ಆವಿ ಬೆರಳಚ್ಚಿನ ಗೆರೆಗಳ ಮೇಲೆ ಬಿಳಿಯಾಗಿ ಗಟ್ಟಿಯಾಗುತ್ತದೆ. 1970ರ ದಶಕದ ಕೊನೆಯಲ್ಲಿ ಜಪಾನಿನ ಪೊಲೀಸರು ಇದನ್ನು ಬಳಕೆಗೆ ತಂದರು. ಬಿಳಿ ಗೆರೆ ಸಾಲದಿದ್ದರೆ ಅದರ ಮೇಲೆ ಬೆಳಗುವ ಬಣ್ಣ ಹಾಕುತ್ತಾರೆ. ಆಗ ಗೆರೆ ದೀಪದಡಿ ಎದ್ದು ಬರುತ್ತದೆ.

ಲೋಳೆಸರದಿಂದ ಬೆಳಗುವ ಪುಡಿಗೆ

ತುಮಕೂರು ವಿಶ್ವವಿದ್ಯಾನಿಲಯದಲ್ಲಿ ಪ್ರೊ. ಸಿ.ಎನ್.ಆರ್. ರಾವ್ ಅವರ ಹೆಸರಿನ ಸಂಶೋಧನಾ ಕೇಂದ್ರವೊಂದಿದೆ. ಹೊಸ ಬಗೆಯ ವಸ್ತುಗಳ ಅಧ್ಯಯನ ಅಲ್ಲಿನ ಕೆಲಸ. ಅಲ್ಲಿನ ಎಚ್. ನಾಗಭೂಷಣ ಮತ್ತು ಸಂಗಡಿಗರು ಬೆರಳಚ್ಚು ಎತ್ತುವ ಬೆಳಗುವ ಪುಡಿಗಳ ಬಗ್ಗೆ ಒಂದರ ಮೇಲೊಂದು ಪ್ರಬಂಧ ಪ್ರಕಟಿಸಿದ್ದಾರೆ.

ಪುಡಿಯ ಸೂತ್ರ ಕೇಳಿದರೆ ಅಡುಗೆಮನೆಯ ನೆನಪಾಗುತ್ತದೆ. ಹಿಟ್ಟಿನ ಜಾಗದಲ್ಲಿ ಬೆಳಕು ಬೀರದ ಒಂದು ಸಾಧಾರಣ ವಸ್ತು, ಉಪ್ಪಿನ ಜಾಗದಲ್ಲಿ ಚಿಟಿಕೆಯಷ್ಟು ಅಪರೂಪದ ಲೋಹ. ಯೂರೋಪಿಯಂ ಹಾಕಿದರೆ ಕೆಂಪು, ಟರ್ಬಿಯಂ ಹಾಕಿದರೆ ಹಸಿರು, ಸಮೇರಿಯಂ ಹಾಕಿದರೆ ಕಿತ್ತಳೆ-ಕೆಂಪು. ಹೆಸರು ಹೊಸದಾಗಿ ಕೇಳಿಸಿದರೂ ಬೆಳಕು ಹಳೆಯದೇ. ಹಿಂದೆ ಮನೆಮನೆಯಲ್ಲಿದ್ದ ಡಬ್ಬಿಯಂಥ ಕಲರ್ ಟಿ.ವಿ.ಯಲ್ಲಿ ನಾಯಕಿಯ ಸೀರೆ ಕೆಂಪಗೆ ಕಂಡದ್ದು ಇದೇ ಯೂರೋಪಿಯಂ ಕೃಪೆಯಿಂದ.

ತುಮಕೂರಿನವರ ಪ್ರಯೋಗಗಳಲ್ಲಿ ಒಂದು ಸ್ವಾರಸ್ಯ ಇದೆ. ಪುಡಿಯ ಕಣಗಳು ಬೇಕಾದ ಆಕಾರದಲ್ಲಿ ಬೆಳೆಯಲಿ ಅಂತ ಅವರು ಲೋಳೆಸರದ ಲೋಳೆಯನ್ನು ಬಳಸಿದ್ದಾರೆ! ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಇಲ್ಲಿ ಸುಳ್ಳಾಯಿತು. ಸಮೇರಿಯಂ ಹಾಕಿದ ಇಂಥ ಒಂದು ಪುಡಿಯಿಂದ ಬೆರಳಚ್ಚನ್ನಷ್ಟೇ ಅಲ್ಲ, ತುಟಿಯ ಅಚ್ಚನ್ನೂ ಎತ್ತಿ ತೋರಿಸಿದ್ದಾರೆ.

ಕಣ ಎಷ್ಟು ಸಣ್ಣದು? ತಲೆಗೂದಲಿನ ದಪ್ಪವನ್ನು ಸಾವಿರ ಪಾಲು ಮಾಡಿದರೆ ಬರುವ ಒಂದು ಪಾಲಿನಷ್ಟು ಅಂತ ಅಂದಾಜು ಮಾಡಿಕೊಳ್ಳಿ. ದಪ್ಪ ಪುಡಿ ಗೆರೆಗಳ ನಡುವಿನ ಸಂದನ್ನೂ ಮುಚ್ಚಿಬಿಡುತ್ತದೆ. ಸಣ್ಣ ಪುಡಿ ಗೆರೆಯನ್ನಷ್ಟೇ ಹಿಡಿದು, ಬೆವರಿನ ರಂಧ್ರವನ್ನೂ ಬಿಡಿಸಿ ತೋರಿಸುತ್ತದೆ. ಅರ್ಧ ಅಚ್ಚು ಸಿಕ್ಕಾಗ ಈ ರಂಧ್ರಗಳೇ ಸಾಕ್ಷಿಗೆ ಬಲ.

ಇಷ್ಟಕ್ಕೆ ಕೆಲಸ ಮುಗಿಯಿತೇ? ಇಲ್ಲ. ಪ್ರಯೋಗಾಲಯದ ಗಾಜಿನ ಮೇಲೆ ಒತ್ತಿದ ತಾಜಾ ಬೆರಳು ಬೇರೆ, ಧೂಳು ತುಂಬಿದ ಶಟರಿನ ಮೇಲಿನ ಅವಸರದ ಬೆರಳು ಬೇರೆ. ನೇರಳಾತೀತ ದೀಪವನ್ನು ಬರಿಗಣ್ಣಿಂದ ನೋಡಿದರೆ ಕಣ್ಣಿಗೆ ಪೆಟ್ಟು. ಅದೇ ದೀಪದ ತೀಕ್ಷ್ಣ ಕಿರಣ ಬೆವರಿನಲ್ಲಿರುವ ಡಿ.ಎನ್.ಎ.ಯನ್ನೂ ಕೆಡಿಸಬಲ್ಲದು. ನುಣ್ಣನೆಯ ಪುಡಿ ಉಸಿರಿನೊಂದಿಗೆ ಎದೆಗೆ ಇಳಿಯದಂತೆ ನೋಡಿಕೊಳ್ಳಬೇಕು. ಅದಕ್ಕೇ ಇನ್ನೊಂದು ಬಗೆಯ ಪುಡಿಯ ಕಡೆಗೂ ವಿಜ್ಞಾನಿಗಳ ಗಮನ ಹೋಗಿದೆ. ಅದು ಬಡಪಾಯಿ ಅವಕೆಂಪು ಕಿರಣ ಕುಡಿದು ಹಸಿರು ಬೆಳಕು ಕೊಡುತ್ತದೆ. ನೇರಳಾತೀತ ಕಿರಣದ ಗೊಡವೆಯೇ ಬೇಡ.

ಪಂಚಾಂಗದ ಮೇಲಿನ ಹೆಬ್ಬೆಟ್ಟು

ಈಗ ಅಸಲು ಪ್ರಶ್ನೆಗೆ ಬರೋಣ. ಗೆರೆ ಫಳಫಳ ಹೊಳೆಯಿತು, ಆಳು ಸಿಕ್ಕಿದ. ಅವನೇ ಕಳ್ಳನೇ?

ಈ ಪ್ರಶ್ನೆಗೆ ಉತ್ತರ ಹುಡುಕಿದ ಮೊದಲಿಗರಲ್ಲಿ ಭಾರತದ ಕೋರ್ಟೂ ಒಂದು. ಬೆರಳಚ್ಚು ವಿದ್ಯೆ ಪರದೇಶದ ಸರಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ಕರಾರುಪತ್ರದ ಮೇಲೆ ಗುತ್ತಿಗೆದಾರನ ಅಂಗೈ ಅಚ್ಚು ಒತ್ತಿಸಿಕೊಂಡ. ಪ್ರಪಂಚದ ಮೊದಲ ಬೆರಳಚ್ಚು ಕಚೇರಿ ಶುರುವಾದದ್ದು 1897ರಲ್ಲಿ ಕಲ್ಕತ್ತದಲ್ಲಿ. ಅಚ್ಚುಗಳನ್ನು ವಿಂಗಡಿಸಿ ಇಡುವ ಪದ್ಧತಿಗೆ ಹೆಸರು ಬಂದದ್ದು ಎಡ್ವರ್ಡ್ ಹೆನ್ರಿ ಸಾಹೇಬನಿಗೆ. ಲೆಕ್ಕ ಹಾಕಿ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್.

ಅದೇ 1897ರಲ್ಲಿ ಜಲಪಾಯ್‌ಗುರಿ ಜಿಲ್ಲೆಯ ಚಹಾ ತೋಟವೊಂದರ ಮ್ಯಾನೇಜರನ ಕೊಲೆಯಾಯಿತು. ಕತ್ತು ಕುಯ್ದು, ಪೆಟ್ಟಿಗೆ ಒಡೆದು ಹಣ ದೋಚಿದ್ದರು. ಅನುಮಾನ ಕೂಲಿಯವರ ಮೇಲೆ ಹೋಯಿತು, ಅಡುಗೆಯವನ ಮೇಲೂ ಹೋಯಿತು. ಕೊನೆಗೆ ಪೆಟ್ಟಿಗೆಯಲ್ಲಿದ್ದ ಬಂಗಾಳಿ ಪಂಚಾಂಗದ ನೀಲಿ ರಟ್ಟಿನ ಮೇಲೆ ಎರಡು ಕಂದು ಕಲೆ ಕಂಡವು. ಒಂದರಲ್ಲಿ ಹೆಬ್ಬೆರಳಿನ ಗೆರೆ ಇತ್ತು. ಕಲ್ಕತ್ತದ ಕಚೇರಿಯ ದಾಖಲೆಗೆ ಹೋಲಿಸಿದರೆ ಅದು ಹಳೆಯ ಆಳು ಕಂಗಾಲಿ ಚರಣನ ಬಲ ಹೆಬ್ಬೆಟ್ಟು. ಹಿಂದೆ ಕಳ್ಳತನಕ್ಕೆ ಅವನಿಗೆ ಅದೇ ಮ್ಯಾನೇಜರು ಜೈಲು ಮಾಡಿಸಿದ್ದ.

ತೀರ್ಪು 1898ರಲ್ಲಿ ಬಂತು. ಕಳ್ಳತನಕ್ಕೆ ಶಿಕ್ಷೆ. ಕೊಲೆಯ ಆರೋಪದಿಂದ ಬಿಡುಗಡೆ!

ಯಾಕೆ? ಹೆಬ್ಬೆಟ್ಟು ಹೇಳಿದ್ದು ಇಷ್ಟೇ: ಈ ಪಂಚಾಂಗ ಮುಟ್ಟಿದವನು ಇವನು. ಕತ್ತಿ ಹಿಡಿದವನೂ ಇವನೇ ಅಂತ ಅದು ಹೇಳಲಿಲ್ಲ. ಕೊಲೆ ಕಂಡವರೂ ಇರಲಿಲ್ಲ. ಪುಡಿ, ಲೇಸರು ಏನೂ ಇಲ್ಲದ ಕಾಲದಲ್ಲೇ ಕೋರ್ಟು ಗೆರೆ ಎಳೆದಿತ್ತು. ಮುಟ್ಟಿದ್ದು ಬೇರೆ, ಮಾಡಿದ್ದು ಬೇರೆ.

ಆ ಗೆರೆ ಇಂದಿಗೂ ಅಳಿಸಿಲ್ಲ. ಅಚ್ಚು ಎಷ್ಟು ದಿನ ಹಳೆಯದು ಅಂತ ನಂಬಿಕೆಯಿಂದ ಹೇಳುವ ವಿಧಾನ ಇನ್ನೂ ಕೈಗೆ ಬಂದಿಲ್ಲ. ಮೊನ್ನೆ ಮಧ್ಯಾಹ್ನ ಸಕ್ಕರೆ ತರಲು ಬಂದ ಗಿರಾಕಿ ಗಾಜಿನ ಭರಣಿ ಮುಟ್ಟಿರುತ್ತಾನೆ. ರಾತ್ರಿ ಕಳ್ಳನೂ ಮುಟ್ಟಿರುತ್ತಾನೆ. ಪುಡಿಗೆ ಇಬ್ಬರೂ ಒಂದೇ, ಇಬ್ಬರ ಗೆರೆಯೂ ಬೆಳಗುತ್ತದೆ. ಬಸ್ಸಿನ ಕಂಬಿಗೆ ದೀಪ ಹಿಡಿದರಂತೂ ಇಡೀ ಊರೇ ಹೊಳೆಯುತ್ತದೆ. ಯಾರನ್ನು ಹಿಡಿಯುತ್ತೀರಿ?

ಅಚ್ಚು ಚೆನ್ನಾಗಿ ಕಂಡರೂ ಹೋಲಿಸುವುದು ಮನುಷ್ಯನ ಕಣ್ಣು. ಅದೂ ಎಡವುತ್ತದೆ. 2004ರ ಮಾರ್ಚಿಯಲ್ಲಿ ಸ್ಪೇನಿನ ಮ್ಯಾಡ್ರಿಡ್‌ನ ರೈಲುಗಳಲ್ಲಿ ಬಾಂಬು ಸಿಡಿಯಿತು. ಪ್ಲಾಸ್ಟಿಕ್ ಚೀಲದ ಮೇಲೆ ಸಿಕ್ಕ ಅಚ್ಚು ಬ್ರಾಂಡನ್ ಮೇಫೀಲ್ಡ್ ಎಂಬ ಅಮೆರಿಕದ ವಕೀಲನದು ಅಂತ ಎಫ್.ಬಿ.ಐ. ತಜ್ಞರು ಹೇಳಿದರು. ಆತನನ್ನು ಸುಮಾರು ಎರಡು ವಾರ ಕೂಡಿಹಾಕಿದರು. ಸ್ಪೇನಿನ ಪೊಲೀಸರು ಅದು ಬೇರೊಬ್ಬನದು ಅಂತ ತೋರಿಸಿದ ಮೇಲೆ ಎಫ್.ಬಿ.ಐ. ಕ್ಷಮೆ ಕೇಳಿತು. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾದರೆ?

ಒಳ್ಳೆಯವರ ಹೆಬ್ಬೆಟ್ಟಿಗೆ ಕಾವಲು ಯಾರು?

ಕಳ್ಳನ ಬೆರಳಚ್ಚು ಪೊಲೀಸರ ಕೈಗೆ ಸಿಗುವುದು ಒಂದು ಮಾತು. ಪ್ರಾಮಾಣಿಕರ ಬೆರಳಚ್ಚು ಕಳ್ಳರ ಕೈಗೆ ಸಿಕ್ಕರೆ?

ಇದು ಬರೀ ಊಹೆ ಅಲ್ಲ. 2018ರಲ್ಲಿ ತೆಲಂಗಾಣದಲ್ಲಿ ಒಬ್ಬ ಆಸಾಮಿ ಜಮೀನು ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟುಗಳಿಂದ ರಬ್ಬರ್ ಸ್ಟಾಂಪಿನಂಥ ನಕಲಿ ಬೆರಳು ಮಾಡಿ ಸಿಮ್ ಕಾರ್ಡು ಚಾಲೂ ಮಾಡಿಸಿ ಸಿಕ್ಕಿಬಿದ್ದ. 2023ರಲ್ಲಿ ಬೆಂಗಳೂರಿನಲ್ಲೂ ನೋಂದಣಿ ಪತ್ರಗಳ ಹೆಬ್ಬೆಟ್ಟು ನಕಲು ಮಾಡಿ, ಆಧಾರ್ ಮೂಲಕ ಹಣ ಪಾವತಿಸುವ ವ್ಯವಸ್ಥೆಯಿಂದ ಜನರ ಖಾತೆಗೆ ಕನ್ನ ಹಾಕಿದ ಪ್ರಕರಣಗಳು ಹೊರಬಂದವು. ಆ ವ್ಯವಸ್ಥೆಯಲ್ಲಿ ಆಧಾರ್ ನಂಬರು, ಬ್ಯಾಂಕಿನ ಹೆಸರು, ಬೆರಳು ಇದ್ದರೆ ಸಾಕು. ಓ.ಟಿ.ಪಿ. ಕೇಳುವುದಿಲ್ಲ.

ಬೀಗದ ಕೈ ಕಳೆದರೆ ಬೀಗ ಬದಲಾಯಿಸಬಹುದು. ಬೆರಳು ಬದಲಾಯಿಸಲು ಆಗುತ್ತದೆಯೇ?

ಆಧಾರ್ ಪ್ರಾಧಿಕಾರ 2023ರ ಫೆಬ್ರವರಿಯಲ್ಲಿ ಹೊಸ ತಪಾಸಣೆ ಜಾರಿಗೆ ತಂದಿತು. ಗೆರೆ ಹೊಂದಿದರೆ ಸಾಲದು, ಒತ್ತಿದ್ದು ಜೀವಂತ ಬೆರಳೇ ಅಂತಲೂ ನೋಡುವ ವ್ಯವಸ್ಥೆ ಅದು. ಜೊತೆಗೆ ಪ್ರತಿಯೊಬ್ಬರೂ ತಮ್ಮ ಬೆರಳಿಗೆ ತಾವೇ ಬೀಗ ಹಾಕಿಕೊಳ್ಳಬಹುದು. ಪ್ರಾಧಿಕಾರದ ಆ್ಯಪ್‌ನಲ್ಲೋ ವೆಬ್‌ಸೈಟಿನಲ್ಲೋ ಬಯೋಮೆಟ್ರಿಕ್ ಲಾಕ್ ಮಾಡಿದರೆ ಹೆಬ್ಬೆಟ್ಟಿನ ವ್ಯವಹಾರ ನಡೆಯುವುದಿಲ್ಲ. ನ್ಯಾಯಬೆಲೆ ಅಂಗಡಿಗೆ ಹೋಗುವ ದಿನ ತಾತ್ಕಾಲಿಕವಾಗಿ ತೆರೆದುಕೊಳ್ಳಬೇಕು, ಅಷ್ಟೇ. ಸಂಶಯ ಇದ್ದರೆ ಆಧಾರ್ ಸಹಾಯವಾಣಿ 1947. ಖಾತೆಯಿಂದ ಹಣ ಹೋದರೆ ತಡ ಮಾಡದೆ 1930ಕ್ಕೆ ಫೋನು.

ಕೈ ಕಟ್ಟಿ ನಿಲ್ಲಿ

2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ ಒಂದು ಹೊಸ ಮಾತು ಹೇಳಿದೆ. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆ ವಿಧಿಸಬಹುದಾದ ಅಪರಾಧ ನಡೆದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು. ಇದನ್ನು ಪೂರ್ತಿ ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶ ಇದೆ. ತಜ್ಞರು ಬಂದಾರು, ಪುಡಿಯೂ ಬಂದೀತು. ಅಷ್ಟರೊಳಗೆ ಗುರುತು ಉಳಿದಿರಬೇಕಲ್ಲ?

ಅದು ಅಂಗಡಿಯವರ ಕೈಯಲ್ಲಿದೆ. ಅಥವಾ, ಅವರ ಕೈ ದೂರ ಇರುವುದರಲ್ಲಿದೆ. ಬೀಗ ಮುರಿದದ್ದು ಕಂಡರೆ ಒಳಗೆ ಹೋಗಬೇಡಿ, 112ಕ್ಕೆ ಫೋನು ಮಾಡಿ. ಗಲ್ಲಾ ಎಣಿಸುವುದು ಒಂದು ಗಂಟೆ ತಡವಾದರೆ ಹೋದ ಹಣವೇನೂ ಹೆಚ್ಚಾಗುವುದಿಲ್ಲ. ಗುಡಿಸಬೇಡಿ, ಒರೆಸಬೇಡಿ, ಊದುಬತ್ತಿ ಹಚ್ಚಿ ನೀರು ಚಿಮುಕಿಸುವುದನ್ನು ಸ್ವಲ್ಪ ಹೊತ್ತು ತಡೆಯಿರಿ. ನೆನೆದ ಕಾಗದದಲ್ಲಿ ಅಮೈನೋ ಆಮ್ಲ ತೊಳೆದುಹೋಗುತ್ತದೆ, ಆಮೇಲೆ ನಿನ್‌ಹೈಡ್ರಿನ್ ಏನೂ ಮಾಡಲಾರದು.

ಇನ್ನೊಂದು ಮಾತು. ತಜ್ಞರು ಬಂದು ಯಜಮಾನರದೂ ಕೆಲಸದವರದೂ ಬೆರಳಚ್ಚು ಕೇಳಿದರೆ, "ಏನ್ ಸಾರ್, ನಮ್ಮನ್ನೇ ಅನುಮಾನಿಸ್ತೀರಾ?" ಅಂತ ಸಿಟ್ಟಾಗಬೇಕಾಗಿಲ್ಲ. ಮನೆಯವರ ಅಚ್ಚು ಯಾವುದು ಅಂತ ಗೊತ್ತಾದರೆ ತಾನೇ ಪರಕೀಯನದು ಯಾವುದು ಅಂತ ತಿಳಿಯುವುದು? ಕೊಟ್ಟರೆ ಕೆಲಸದ ಹುಡುಗನೂ ಅನುಮಾನದಿಂದ ಪಾರು.

ಕಳ್ಳತನವಾದ ಕೂಡಲೇ ಊರು ಮೊದಲು ಬೆರಳು ತೋರಿಸುವುದು ಆ ಹುಡುಗನ ಕಡೆಗೇ. ಜಲಪಾಯ್‌ಗುರಿಯಲ್ಲೂ ಮೊದಲು ಸಿಕ್ಕಿಕೊಂಡವರು ಕೂಲಿಯವರು ಮತ್ತು ಅಡುಗೆಯವನು. ಅವರನ್ನು ಉಳಿಸಿದ್ದು ಪಂಚಾಂಗದ ಮೇಲಿನ ಒಂದು ಕಂದು ಕಲೆ. ಬೆಳಗುವ ಪುಡಿ ಬರಲಿ, ಬೇಗ ಬರಲಿ. ಅದು ಕಳ್ಳನನ್ನು ಹಿಡಿದರೆ ಒಳ್ಳೆಯದು. ಕಳ್ಳನಲ್ಲದವನನ್ನು ಬಿಡಿಸಿದರೆ ಇನ್ನೂ ಒಳ್ಳೆಯದು.